ಮೊಳೆತದ್ದೆಲ್ಲ ಬೆಳೆಯದು

ರಾತ್ರಿ ನೆನೆಹಾಕಿದ ಹೆಸರುಕಾಳು ಮೊಳಕೆ ಒಡೆದರೆ ಅದರಲ್ಲಿ ಜೀವವಿದೆಯೆಂದು ನಮ್ಮ ಗೃಹಿಣಿಯರು ಬಲ್ಲರು. ಗಾಮಾ ಕಿರಣಕ್ಕೆ ಒಡ್ಡಿದ ಬೀಜದ ವಿಷಯದಲ್ಲಿ ಈ ತಿಳಿವಳಿಕೆ ಮೋಸಹೋಗುವುದುಂಟು.

ಕೋಬಾಲ್ಟ್-60 ಧಾತುವಿನಿಂದ ಹೊಮ್ಮುವ ಈ ಕಿರಣವನ್ನು ತಳಿವಿಜ್ಞಾನಿಗಳು ಗೋಧಿಯ ಬೀಜಕ್ಕೆ ಸಾಮಾನ್ಯವಾಗಿ 200-300 ಗ್ರೇ ಪ್ರಮಾಣದಲ್ಲಿ ಹಾಯಿಸುತ್ತಾರೆ. ಅದರ ಹತ್ತು ಪಟ್ಟು ಹಾಯಿಸಿದರೂ ಬೀಜ ನೀರು ಹೀರಿ ಮೊಳೆಯುತ್ತದೆ! ಮೊದಲೇ ಇದ್ದ ಜೀವಕೋಶಗಳು ಹಿಗ್ಗಿ ಬೇರನ್ನೂ ಎಲೆಯನ್ನೂ ಹೊರದೂಡುತ್ತವೆ. ಆದರೆ ವರ್ಣತಂತುಗಳು ಮುರಿದಿರುವುದರಿಂದ ಹೊಸ ಕೋಶ ಹುಟ್ಟದು. ಸಸಿ ನಿಂತಲ್ಲೇ ನಿಂತು ಕೆಲವೇ ದಿನಗಳಲ್ಲಿ ಸೊರಗುತ್ತದೆ. ಆದ್ದರಿಂದಲೇ ಪ್ರಯೋಗಶಾಲೆಯಲ್ಲಿ ಮೊಳಕೆಗಳನ್ನು ಎಣಿಸಿದರೆ ಸಾಲದು, ಸಸಿಯ ಎತ್ತರವನ್ನೂ ಅಳೆಯುತ್ತಾರೆ.

ಹದವರಿತು ಹಾಯಿಸಿದಾಗ ವರ್ಣತಂತುವಿನ ಗಾಯ ಸಂತತಿಗೂ ಇಳಿದು, ಸಾವಿರಾರು ಗಿಡಗಳಲ್ಲಿ ಎಲ್ಲೋ ಒಂದು ಬೇಕಾದ ಗುಣವನ್ನು ತೋರೀತು. ಮೆಕ್ಸಿಕೋದಿಂದ ಬಂದ ಸೊನೋರಾ-64 ಗೋಧಿ ಫಸಲಿನಲ್ಲಿ ಉದಾರಿ. ಕಾಳು ಮಾತ್ರ ಕೆಂಪು, ಚಪಾತಿಪ್ರಿಯರಿಗೆ ಒಗ್ಗದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರು ವಿಕಿರಣದ ನೆರವಿನಿಂದ ಅದಕ್ಕೆ ಹೊಂಬಣ್ಣ ತಂದರು. 1967ರಲ್ಲಿ ಹೊರಬಂದ ಆ ತಳಿಯೇ ಶರ್ಬತಿ ಸೊನೋರಾ. ಅದರಲ್ಲಿ ಲೈಸಿನ್ ಎಂಬ ಪೌಷ್ಟಿಕಾಂಶ ಹೆಚ್ಚೆಂದು ಹೊಡೆದ ಡಂಗುರ ಮಾತ್ರ ಪರೀಕ್ಷೆಗೆ ನಿಲ್ಲಲಿಲ್ಲ.

ಇಂಥ ಗೋಧಿಯ ಹಿಟ್ಟು ನಾದಲು ಅಂಜಬೇಕೆ? ಬೇಡ. ಗಾಮಾ ಕಿರಣ ಬೆಳಕಿನ ಜಾತಿಯದು. ಹಾದುಹೋಗುತ್ತದೆ, ಬೀಜದಲ್ಲಿ ಮನೆಮಾಡುವುದಿಲ್ಲ. ಅದು ತಾಗಿದ್ದಾದರೂ ಎಷ್ಟೋ ತಲೆಮಾರುಗಳ ಹಿಂದಿನ ಕಾಳಿಗೆ.