ಈ ಆಯುಧಪೂಜೆಗೆ ಕಾರನ್ನು ನಮ್ಮ ಕೈಗೆ ಕೊಡಿ



ಆಯುಧಪೂಜೆಗೆ ನಮ್ಮ ಮನೆಯಲ್ಲಿ ನಡೆಯುವುದೇ ನಿಮ್ಮ ಮನೆಯಲ್ಲೂ ನಡೆಯುತ್ತದೆ ಎಂದುಕೊಂಡಿದ್ದೇನೆ. ಹಿಂದಿನ ದಿನ ಅಪ್ಪ ಕಾರನ್ನು ಕಾರ್ ವಾಷ್‌ಗೆ ಒಯ್ದು ತೊಳೆಸಿಕೊಂಡು ಬರುತ್ತಾರೆ. ಮರುದಿನ ಅಮ್ಮ ಅರಿಶಿನ ಕುಂಕುಮ ಹಚ್ಚುತ್ತಾರೆ. ನಾವು ಮಕ್ಕಳು ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಫೋಟೋಗೆ ನಿಲ್ಲುತ್ತೇವೆ. ಅಲ್ಲಿಗೆ ಮುಗಿಯಿತು. ವರ್ಷವಿಡೀ ನಮ್ಮನ್ನು ಹೊತ್ತು ತಿರುಗುವ ಕಾರಿಗಾಗಿ ನಾವು ಮಾಡಿದ ಕೆಲಸ ಏನೂ ಇಲ್ಲ.

ಅಪ್ಪ ಅಮ್ಮಂದಿರೇ, ಈ ಸಲ ಆ ಕೆಲಸವನ್ನು ನಮಗೆ ಕೊಡಿ. ಬರೀ ತೊಳೆಯುವುದಲ್ಲ, ಕ್ಲೇ ಬಾರ್ ಉಜ್ಜುವುದನ್ನೂ ಕೊಡಿ.

ಕ್ಲೇ ಎಂದರೆ ಕುಂಬಾರರ ಜೇಡಿಮಣ್ಣಲ್ಲ. ಚಪಾತಿ ಹಿಟ್ಟಿನ ಹಾಗೆ ನಾದಬಹುದಾದ, ಕಾರ್ಖಾನೆಯಲ್ಲಿ ತಯಾರಾದ ಮೆತ್ತನೆಯ ಉಂಡೆ. ಅದರೊಳಗೆ ತುಂಬ ನುಣ್ಣಗಿನ, ಉಜ್ಜುವ ಕಣಗಳಿರುತ್ತವೆ. ಇದು ಜಪಾನಿನಿಂದ ಬಂದದ್ದು. ತಾದಾವೋ ಕೊದಾತೆ ಎಂಬವರಿಗೆ 1990ರ ದಶಕದಲ್ಲಿ ಇದಕ್ಕಾಗಿ ಅಮೆರಿಕದ ಪೇಟೆಂಟ್ ಸಿಕ್ಕಿತು.

ಶಾಂಪೂ ಹಾಕಿ ತೊಳೆದ ಮೇಲೆ ಇದೆಲ್ಲ ಯಾಕೆ ಎಂದು ಕೇಳಬಹುದು. 1997ರಲ್ಲಿ ಸೈಬರ್‌ಜಯಾ ಶುರುವಾಗುವ ಮೊದಲು ಇಲ್ಲಿ ಎಣ್ಣೆತಾಳೆ ತೋಟಗಳಿದ್ದವು. ಈಗಲೂ ಒಂದಲ್ಲ ಒಂದು ಕಡೆ ಕಟ್ಟಡ ಏಳುತ್ತಲೇ ಇರುತ್ತದೆ. ಕಾರಿನ ಮೇಲೆ ಸಿಮೆಂಟ್ ಧೂಳು, ಮರದ ಅಂಟು, ಹೈವೇಯ ಡಾಂಬರು, ಬ್ರೇಕ್‌ನಿಂದ ಹಾರುವ ಕಬ್ಬಿಣದ ಕಣ, ಎಲ್ಲವೂ ಕೂರುತ್ತವೆ. ಇಲ್ಲಿನ ಬಿಸಿಲಿಗೆ ಅವು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಆಮೇಲೆ ಶಾಂಪೂವಿಗೆ ಜಗ್ಗುವುದಿಲ್ಲ.

ಮಕ್ಕಳೇ, ಒಂದು ಪರೀಕ್ಷೆ ಮಾಡಿ ನೋಡಿ. ತೊಳೆದು ಒರೆಸಿದ ಕಾರಿನ ಮೇಲೆ ಬರಿಗೈ ಆಡಿಸಿ. ನುಣ್ಣಗೆ ಅನಿಸುತ್ತದೆ. ಈಗ ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮೆಲ್ಲಗೆ ಸವರಿ. ಚಿರೋಟಿ ರವೆ ಚೆಲ್ಲಿದ ಹಾಗೆ ತರಿತರಿ ಅನಿಸಿದರೆ ಕ್ಲೇ ಬೇಕು. ಅನಿಸದಿದ್ದರೆ ಬೇಡವೇ ಬೇಡ. ಹೊಳಪು ಬರಲಿ ಎಂದು ತಿಂಗಳು ತಿಂಗಳು ಉಜ್ಜುವವರಿದ್ದಾರೆ, ಅದು ತಪ್ಪು. ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಒಂದು ಕಾಗದದ ಹಾಳೆಗಿಂತಲೂ ತೆಳು. ವರ್ಷಕ್ಕೆ ಒಂದೆರಡು ಸಲ ಸಾಕು.

ಮಾಡುವ ಕ್ರಮ ಸುಲಭ. ನೆರಳಲ್ಲಿ, ಕಾರು ತಣ್ಣಗಿರುವಾಗ ಮಾಡಬೇಕು. ಮೊದಲು ಚೆನ್ನಾಗಿ ತೊಳೆಯಿರಿ. ಎರಡು ಅಡಿ ಉದ್ದಗಲದ ಜಾಗಕ್ಕೆ ಕ್ಲೇ ಜೊತೆ ಬರುವ ಜಾರುವ ದ್ರವವನ್ನು ಧಾರಾಳವಾಗಿ ಸಿಂಪಡಿಸಿ. ಕ್ಲೇಯನ್ನು ಒತ್ತದೆ, ನೇರವಾಗಿ ಹಿಂದೆ ಮುಂದೆ ಜಾರಿಸಿ. ಮೊದಲು ತಡೆದು ತಡೆದು ಹೋಗುತ್ತದೆ, ಆಮೇಲೆ ಸರಾಗವಾಗಿ ಜಾರುತ್ತದೆ. ಅಲ್ಲಿಗೆ ಆ ಜಾಗ ಮುಗಿಯಿತು. ಕ್ಲೇ ಕೊಳೆಯಾದರೆ ಮಡಚಿ ನಾದಿ, ಹೊಸ ಮುಖ ಮಾಡಿಕೊಳ್ಳಿ. ಕೊನೆಗೆ ವ್ಯಾಕ್ಸ್ ಹಚ್ಚಲೇಬೇಕು, ಏಕೆಂದರೆ ಹಳೆಯ ವ್ಯಾಕ್ಸ್ ಕೊಳೆಯ ಜೊತೆಗೇ ಹೋಗಿರುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ ಮಾತ್ರ ಇದನ್ನು ಮಾಡಬೇಡಿ.

ಇನ್ನೊಂದು ನಿಯಮವಿದೆ: ಕೆಳಗೆ ಬಿದ್ದ ಕ್ಲೇಯನ್ನು ಮತ್ತೆ ಮುಟ್ಟಬಾರದು. ಅದನ್ನು ನಾನು ಕಲಿತದ್ದು ನಮ್ಮ ಕಾರಿನ ಮೇಲೇ. ಮೊದಲ ಸಲ ಬಾನೆಟ್ ಉಜ್ಜುವಾಗ ಉಂಡೆ ಕೈಜಾರಿ ಬಿತ್ತು. ಅಪ್ಪ ಒಳಗೆ ಫೋನಿನಲ್ಲಿದ್ದರು. ನಾನು ನೀರಲ್ಲಿ ಅದ್ದಿ ತೊಳೆದು ಮತ್ತೆ ಉಜ್ಜಿದೆ. ಅಂಟಿಕೊಂಡಿದ್ದ ಮರಳು ಬಾನೆಟ್ ಮೇಲೆ ಗೇಣುದ್ದದ ಮೂರು ಗೀರು ಎಳೆಯಿತು. ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ನಾನೇ ಅಪ್ಪನನ್ನು ಕರೆದು ತೋರಿಸಿದೆ. ಅವರು ಗೀರಿನ ಮೇಲೆ ಉಗುರು ಆಡಿಸಿ ನೋಡಿ, "ಇದು ಆಳವಾಗಿಲ್ಲ ಪುಟ್ಟಿ, ಪಾಲಿಶ್‌ಗೆ ಹೋಗುತ್ತೆ. ಆದ್ರೆ ಎರಡು ದಿನ ಯಾಕೆ ಸುಮ್ನಿದ್ದೆ?" ಎಂದರು. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

"ಅದಕ್ಕೇ ಮಕ್ಕಳ ಕೈಗೆ ಕೊಡಬಾರದು" ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಗೀರು ತೆಗೆಸಲು ದುಡ್ಡು ಖರ್ಚಾಯಿತು, ನಿಜ. ಆದರೆ ಯೋಚಿಸಿ: ಮಲೇಷ್ಯಾದಲ್ಲಿ ಹದಿನೇಳು ತುಂಬಿದರೆ ಕಾರಿನ ಲೈಸೆನ್ಸ್ ಪಡೆಯಬಹುದು. ಮುಂದಿನ ವರ್ಷ ನನ್ನ ಕೈಗೆ ಸ್ಟಿಯರಿಂಗ್ ಬರಬಹುದು. ಕಾರು ಓಡಿಸಲು ನಂಬುವವರು ಅದನ್ನು ಉಜ್ಜಲು ಯಾಕೆ ನಂಬಬಾರದು? ತಪ್ಪು ಮಾಡಿದರೆ ತಕ್ಷಣ ಹೇಳಬೇಕು ಎನ್ನುವುದನ್ನು ನಿಂತ ಕಾರಿನ ಮೇಲೆ ಕಲಿಯುವುದೇ ಒಳ್ಳೆಯದು. ಓಡುವ ಕಾರಿನಲ್ಲಿ ಕಲಿಯುವುದು ಬೇಡ.

ಈಗ ಉಂಡೆಯನ್ನು ಎರಡು ತುಂಡು ಮಾಡಿ ಇಟ್ಟುಕೊಳ್ಳುತ್ತೇನೆ. ಒಂದು ಬಿದ್ದರೆ ಕಸದ ಬುಟ್ಟಿಗೆ, ಇನ್ನೊಂದು ಕೈಗೆ. ತಮ್ಮ ಪಕ್ಕದಲ್ಲಿ ನಿಂತು ಒರೆಸುತ್ತಾನೆ. ಅಪ್ಪ ಫೋನ್ ಒಳಗಿಟ್ಟು ಬಂದು ಕೂರುತ್ತಾರೆ. ಆ ಎರಡು ಗಂಟೆ ನಾವು ಮೂವರೂ ಕನ್ನಡದಲ್ಲೇ ಹರಟುತ್ತೇವೆ. ಕಾರ್ ವಾಷ್‌ಗೆ ಕಳಿಸಿದ್ದರೆ ಅದು ಸಿಗುತ್ತಿರಲಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂದು ಕನ್ನಡ ತರಗತಿಯಲ್ಲಿ ನಮಗೆ ಕಲಿಸುತ್ತೀರಿ. ಕೈ ಕೆಸರು ಮಾಡಿಕೊಳ್ಳಲು ಒಮ್ಮೆ ಬಿಟ್ಟು ನೋಡಿ.