ಅಂಗಳದ ಚುಕ್ಕಿ, ತರಗತಿಯ ರೇಖೆ

ರೇಖಾಗಣಿತವೆಂದರೆ ಕಂಪಾಸು ಪೆಟ್ಟಿಗೆಯೊಡನೆ ಮನೆಗೆ ಬಂದ ವಿದ್ಯೆ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬೇರೂರಿದೆ. ನಸುಕಿನಲ್ಲಿ ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆ ಎಳೆಯುವ ಕೈ ಆ ವಿದ್ಯೆಯ ಎಷ್ಟೋ ಭಾಗವನ್ನು ಬಲ್ಲದು. ಆದರೂ ರಂಗೋಲಿ ಶಾಲೆಗೆ ಬರುವುದು ಸ್ಪರ್ಧೆಯ ದಿನ ಮಾತ್ರ. ಬಹುಮಾನ ಹಂಚಿದ ಮೇಲೆ ಅದು ಪೊರಕೆಯ ಪಾಲು.

ಪರಿಚಿತವಾದೊಂದು ಚುಕ್ಕಿಲೆಕ್ಕವನ್ನು ನೋಡಬಹುದು. ನಡುವೆ 7 ಚುಕ್ಕಿಗಳ ಸಾಲು. ಅದರ ಸಂದುಗಳಿಗೆ ಸರಿಯಾಗಿ ಮೇಲೂ ಕೆಳಗೂ 6, 5, 4. ಒಟ್ಟು 37. ಇದನ್ನೇ ನಡುವಿನ ಚುಕ್ಕಿಯಿಂದ ಸುತ್ತುಸುತ್ತಾಗಿ ಎಣಿಸಿದರೆ 1, 6, 12, 18. ಆಕೃತಿ ಷಡ್ಭುಜ, 60 ಡಿಗ್ರಿ ತಿರುಗಿಸಿದರೂ ಅದು ಬದಲಾಗದು. ಚುಕ್ಕಿಯ ಕೆಳಗೆ ಚುಕ್ಕಿ ಬರುವಂತೆ 1, 3, 5, 7, 5, 3, 1 ಎಂದಿಟ್ಟರೆ ಮೊತ್ತ 25. ಒಂದು ಬಿಟ್ಟು ಒಂದಕ್ಕೆ ಬಣ್ಣ ಹಾಕಿದರೆ 16ರದೊಂದು, 9ರದೊಂದು, ಹೀಗೆ ಎರಡು ಓರೆ ಚೌಕಗಳು ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಸಮಮಿತಿ, ಕೋನ, ವರ್ಗಸಂಖ್ಯೆ ಮೂರೂ ಇಲ್ಲಿ ಕಣ್ಣಿಗೆ ಕಾಣುವ ಸಂಗತಿಗಳು.

ಮದರಾಸು ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಕೋಲಂ ಕುರಿತು ನಡೆಸಿದ ಅಧ್ಯಯನ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸಬೇಕು. ಅವರು ಈ ಚಿತ್ತಾರಗಳಿಗೆ ವ್ಯಾಕರಣವನ್ನೇ ಬರೆದರು. ಕೆಲವೇ ಮೂಲರೂಪಗಳು, ಒಂದರ ಎಡೆಗೆ ಮತ್ತೊಂದನ್ನು ತರುವ ಕೆಲವೇ ನಿಯಮಗಳು. ಅವುಗಳಿಂದ ಮುಗಿಯದಷ್ಟು ಆಕೃತಿಗಳು. ಆಗಮ, ಆದೇಶಗಳನ್ನು ಓದಿದವರಿಗೆ ಈ ದಾರಿ ಅಪರಿಚಿತವಲ್ಲ.

ಇನ್ನು ಮೌಲ್ಯದ ಮಾತು. ರಂಗೋಲಿಯ ಪಾಠಕ್ಕೆ ಸಂಸ್ಕೃತಿಯ ಉಪದೇಶವನ್ನು ಬಾಲವಾಗಿ ಕಟ್ಟುವುದು ಅನಗತ್ಯ. ಮೌಲ್ಯವಿರುವುದು ಕ್ರಮದಲ್ಲಿಯೇ. ಒಂದು ಚುಕ್ಕಿ ತಪ್ಪಿದರೆ ಕೊನೆಯ ಎಳೆ ಕೂಡುವುದಿಲ್ಲ; ಅಕ್ಕಿಹಿಟ್ಟಿನ ರೇಖೆ ಇರುವೆಗೂ ಅನ್ನ; ಇಂದಿನದು ಎಷ್ಟೇ ಸೊಗಸಾಗಿದ್ದರೂ ನಾಳೆ ಗುಡಿಸಿ ಹೊಸದನ್ನು ಬರೆಯಬೇಕು. ಇದು ಹೆಣ್ಣುಮಕ್ಕಳ ಕೆಲಸವೆಂದು ಹುಡುಗರನ್ನು ದೂರವಿಡುವ ರೂಢಿಯನ್ನು ಮಾತ್ರ ತರಗತಿ ಮುಂದುವರಿಸಬಾರದು. ತಾಯಂದಿರ ಕೈಯಲ್ಲಿದ್ದುದು ಶಾಸ್ತ್ರವೆಂದು ಒಪ್ಪಿದ ಮೇಲೆ ಅದು ಎಲ್ಲರ ಪಾಠ.

ಗಡಿನಾಡಿನಲ್ಲಿ ಈ ಪಾಠಕ್ಕೆ ಇನ್ನೊಂದು ತುರ್ತು ಇದೆ. ತಾಳವಾಡಿ, ಹೊಸೂರುಗಳಲ್ಲಿ ಕನ್ನಡದ ರಂಗೋಲಿಯ ಪಕ್ಕದ ಅಂಗಳದ್ದು ಕೋಲಂ. ಆದೋನಿ, ಮಡಕಶಿರಗಳಲ್ಲಿ ಮುಗ್ಗು. ಹೆಸರು ಬೇರೆ, ಚುಕ್ಕಿಯ ಲೆಕ್ಕ ಒಂದೇ. ನೆರೆಹೊರೆಯವರು ಒಬ್ಬರ ಅಂಗಳ ನೋಡಿ ಇನ್ನೊಬ್ಬರು ಕಲಿತ ಈ ವಿದ್ಯೆಗೆ ಭಾಷೆಯ ಗಡಿ ಅಡ್ಡಬಂದಿಲ್ಲ. ಆದರೆ ಗಣಿತವನ್ನು ಬೇರೆ ಮಾಧ್ಯಮದಲ್ಲಿ ಕಲಿಯುವ ಮಗುವಿನ ಬಾಯಿಂದ ಎಳೆ, ಸಂದು, ಸುತ್ತು, ಓರೆ ಎಂಬ ಮಾತುಗಳು ಜಾರುತ್ತವೆ. ಮಾತು ಜಾರಿದರೆ ಮನೆಯ ತಿಳಿವಳಿಕೆಗೂ ಶಾಲೆಯ ಪಾಠಕ್ಕೂ ನಡುವಿನ ಸೇತುವೆ ಕುಸಿಯುತ್ತದೆ.

ಆ ಸೇತುವೆಯನ್ನು ಕಾಯುವ ಕೆಲಸ ಗಣಿತದ ಅಧ್ಯಾಪಕರೊಬ್ಬರದೇ ಅಲ್ಲ. ಅಜ್ಜಿಯರ ಬಳಿ ಕುಳಿತು ಒಂದೊಂದು ರಂಗೋಲಿಯ ಹೆಸರು, ಚುಕ್ಕಿಲೆಕ್ಕ, ಎಳೆಯುವ ಕ್ರಮ, ಬಳಸುವ ಪದಗಳನ್ನು ಬರೆದಿಡುವುದು ಭಾಷಾ ವಿದ್ಯಾರ್ಥಿಗೆ ಒಪ್ಪುವ ಕ್ಷೇತ್ರಕಾರ್ಯ. ಅಂಥದೊಂದು ಪದಪಟ್ಟಿ ಕೈಗೆ ಬಂದರೆ, ಷಡ್ಭುಜದ ಪಾಠವನ್ನು ಆ ಮಗುವಿನ ಅಂಗಳದಿಂದಲೇ ತೊಡಗಬಹುದು.