ಹಳೇ ಕಂಪ್ಯೂಟರ್ ಬಿಸಾಕುವ ಮುನ್ನ...



ನಮ್ಮ ಮನೆಯ ಶೆಲ್ಲರೆಯಲ್ಲಿ (ಅದೇ, ನೆಲಮಾಳಿಗೆಯ ಸಾಮಾನಿನ ಗೂಡು) ಮಕ್ಕಳ ಹಳೇ ಸೈಕಲ್ಲು, ಸ್ಕೀ ಹಲಗೆಗಳ ಹಿಂದೆ 2009ರಿಂದ ಒಂದು ಕಂಪ್ಯೂಟರ್ ಕೂತಿತ್ತು. "ಇದನ್ನ ಬಿಸಾಕಿ ಬರ್ತೀರೋ, ನಾನೇ ಬಿಸಾಕಲೋ" ಎಂದು ನನ್ನಾಕೆ ಪ್ರತಿ ವರ್ಷವೂ ಕೇಳುತ್ತಾಳೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತಾಗ ನಮ್ಮಲ್ಲಿ ಅನೇಕರು ಹಳೆಯ ಪೆಟ್ಟಿಗೆಗಳನ್ನು ಕಾರಿಗೆ ತುಂಬಿಕೊಂಡು ಮರುಬಳಕೆ ಕೇಂದ್ರಕ್ಕೆ ಹೊರಟರಲ್ಲ, ಆಗ ನಾನೂ ಇದನ್ನು ಡಿಕ್ಕಿಗೆ ಹಾಕಿದ್ದೆ. ಅದೇ ಸಂಜೆ ಶಿವಮೊಗ್ಗದಿಂದ ಅಮ್ಮನ ಫೋನು. "ನಿಮ್ಮಪ್ಪ ಅಲ್ಲಿ ಕೂತು ಬರೆದಿದ್ದು ಇದೆಯೇನೋ? ನಮ್ಮ ಮದುವೆ ವಿಷಯ ಬರೆದಿದೀನಿ ಅಂತಿದ್ರು."

2005ರ ಬೇಸಿಗೆಯಲ್ಲಿ ಅಪ್ಪ, ಅಮ್ಮ ಇಲ್ಲಿಗೆ ಬಂದು ಮೂರು ತಿಂಗಳು ಇದ್ದರು. ಗೋಥೆನ್‌ಬರ್ಗ್‌ನಲ್ಲಿ ಜೂನ್ ಅಂದರೆ ರಾತ್ರಿ ಹತ್ತಕ್ಕೂ ಬೆಳಕು, ಅಪ್ಪನಿಗೆ ನಿದ್ದೆ ಬಾರದು. ಊರಿಂದ ಸಿ.ಡಿ.ಯಲ್ಲಿ ತಂದಿದ್ದ 'ನುಡಿ'ಯನ್ನು ನನ್ನ ಕಂಪ್ಯೂಟರಿಗೆ ಹಾಕಿಸಿಕೊಂಡು ಒಂದೇ ಬೆರಳಲ್ಲಿ ಟಕ್ ಟಕ್ ಎಂದು 52 ಪುಟ ಟೈಪ್ ಮಾಡಿದರು. "ಅವಸರ ಇಲ್ಲ, ನಿಧಾನಕ್ಕೆ ಓದೋ" ಎಂದು ಹೇಳಿ ವಿಮಾನ ಹತ್ತಿದರು. ನಾನು ಓದಲಿಲ್ಲ. 2016ರಲ್ಲಿ ಅಪ್ಪ ಹೋದರು.

ಸರಿ, ಡಿಕ್ಕಿಯಿಂದ ಪೆಟ್ಟಿಗೆ ವಾಪಸ್ ಊಟದ ಮೇಜಿನ ಮೇಲೆ ಬಂತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಬಟನ್ ಬ್ಯಾಟರಿ ಬದಲಾಯಿಸಿದೆ. ಮೆಮೊರಿ ಪಟ್ಟಿ ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದೆ. ಊಹೂಂ! ಟಾರ್ಚ್ ಬಿಟ್ಟು ನೋಡಿದರೆ ಮದರ್‌ಬೋರ್ಡಿನ ನಾಲ್ಕೈದು ಕೆಪಾಸಿಟರ್‌ಗಳ ತಲೆ ಪೂರಿಯಂತೆ ಉಬ್ಬಿದೆ. ಆ ಕಾಲದ ಬಹಳಷ್ಟು ಬೋರ್ಡುಗಳಿಗೆ ಬಂದ ರೋಗವೇ ಅದು. ರಿಪೇರಿ ಅಂಗಡಿಯ ಹುಡುಗ "ಮ್ಯೂಸಿಯಂಗೆ ಕೊಡಿ" ಎಂದು ನಕ್ಕ.

ಆದರೆ ಬೋರ್ಡು ಸತ್ತರೆ ಡಿಸ್ಕ್ ಸತ್ತಂತಲ್ಲ. ಅದನ್ನು ಬಿಚ್ಚಿ ತೆಗೆದು, ಹಳೇ ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಸೇರಿಸುವ ಅಡಾಪ್ಟರ್ ತರಿಸಿದೆ. (ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯಿಂದ ಅದು ಸಿಗದು. ಹಾಗಾಗಿ ಬೇರೆ ಪವರ್ ಪ್ಲಗ್ ಇರುವ ಅಡಾಪ್ಟರನ್ನೇ ಕೊಳ್ಳಿ. ನಾನು ಮೊದಲು ತರಿಸಿದ್ದು ದಂಡವಾಯಿತು.) ಅವಸರದಲ್ಲಿ ಒಂದು ಪಿನ್ ಬಗ್ಗಿಸಿ, ಹೆಂಡತಿಯ ಪಿನ್ನಿನಿಂದಲೇ ಅದನ್ನು ನೆಟ್ಟಗೆ ಮಾಡಿದ್ದೂ ಆಯಿತು. ಡಿಸ್ಕ್ ಗುರ್ ಎಂದಾಗ ನನಗಾದ ಸಂತೋಷ ಹೇಳತೀರದು! ಅಪ್ಪನ ಫೋಲ್ಡರ್ ಒತ್ತಿದರೆ "ನಿಮಗೆ ಅನುಮತಿ ಇಲ್ಲ" ಎಂದಿತು. ಅಪ್ಪನ ಫೋಲ್ಡರಿಗೆ ಮಗನಿಗೇ ಅನುಮತಿ ಇಲ್ಲ! ಅದರ ಒಡೆತನ ನನ್ನ ಹೆಸರಿಗೆ ಬದಲಾಯಿಸಿಕೊಳ್ಳಲು ಇನ್ನೊಂದು ಸಂಜೆ ಬೇಕಾಯಿತು.

ಕಡೆಗೆ ಫೈಲ್ ತೆರೆಯಿತು. ಒಂದಕ್ಷರ ಕನ್ನಡ ಇಲ್ಲ. 'ಕನ್ನಡ' ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಜರ್ಮನ್ನರ ಜೋಡಿ ಎಸ್, ಒಂದು ಕ್ಯೂ! ನಿಮಗೂ ಇಂಥ ಫೈಲ್ ಎದುರಾಗಿರಬಹುದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅದು ನಮ್ಮ ಮನೆಗಳಿಗೆ ಬರಲು ಬಹಳ ಕಾಲ ಹಿಡಿಯಿತು. ವಿಂಡೋಸ್ ಎಕ್ಸ್‌ಪಿಯಲ್ಲೂ ನಾವೇ ಹುಡುಕಿ ಚಾಲೂ ಮಾಡಿಕೊಳ್ಳಬೇಕಿತ್ತು. ಅಲ್ಲಿಯವರೆಗೆ ಕನ್ನಡವನ್ನು ಕಂಪ್ಯೂಟರಿನಲ್ಲಿ ಬದುಕಿಸಿದ್ದು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ'ಯಂಥ ತಂತ್ರಾಂಶಗಳು. ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಕಾಲಕ್ಕೆ ಅದೇ ದಾರಿ, ಅವರನ್ನು ದೂರುವಂತಿಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮಾತ್ರ ಬಣ್ಣ ಬಯಲಾಗುತ್ತದೆ.

ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅದರೊಳಗೆ ಹಾಕಿ ತೆಗೆದರೆ ಅಪ್ಪನ ಕನ್ನಡ ಬಂತು, ಅರ್ಕಾವತ್ತು ಅಲ್ಲಲ್ಲಿ ದಾರಿ ತಪ್ಪಿತ್ತು ಅಷ್ಟೆ. ಆದರೆ ಇಲ್ಲಿಯ ವಿಷಯ ಬಂದ ಕಡೆಯೆಲ್ಲ ಅರ್ಥವಿಲ್ಲದ ಕಗ್ಗ! ಆಮೇಲೆ ಹೊಳೆಯಿತು. ಇಲ್ಲಿನ ಹೆಸರುಗಳನ್ನು ಹೇಗೆ ಉಚ್ಚರಿಸುವುದೆಂದು ತಿಳಿಯದೆ ಅಪ್ಪ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದರು. ಪರಿವರ್ತಕ ಅದನ್ನೂ ಕನ್ನಡ ಎಂದೇ ತಿಳಿದು, ಗೋಥೆನ್‌ಬರ್ಗನ್ನು 'ಉ' ಎಂದೂ ಲಿಸೆಬರ್ಗನ್ನು 'ಐ' ಎಂದೂ ಶುರುಮಾಡಿತ್ತು. ಪದಬಂಧ ಬಿಡಿಸಿದಂತೆ ಒಂದೊಂದನ್ನೇ ಬಿಡಿಸಿದೆ. ಆ ನೆಪದಲ್ಲಿ 52 ಪುಟವನ್ನೂ ಓದಿದೆ, ಇಪ್ಪತ್ತು ವರ್ಷ ತಡವಾಗಿ.

ಮದುವೆಯ ಭಾಗವನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಮಳೆ, ಕೆಸರು, ದಿಬ್ಬಣದ ಎತ್ತಿನ ಗಾಡಿ ಹೂತುಹೋಗಿದ್ದು. ಅಮ್ಮ ಪೂರ್ತಿ ಕೇಳಿಸಿಕೊಂಡು, "ಗಾಡಿ ಅಲ್ಲ ಕಣೋ, ಲಾರಿ. ಅವರಿಗೆಲ್ಲಿ ನೆನಪಿರತ್ತೆ? ತಿದ್ದು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದ್ಸಲ ಓದು."

ಮಕ್ಕಳು ಕನ್ನಡ ಓದುವುದಿಲ್ಲ ಎಂದು ನಾವು ಪ್ರತಿ ಯುಗಾದಿಗೂ ಗೋಳಾಡುತ್ತೇವೆ. ನಾವೇ ಟೈಪ್ ಮಾಡಿದ ಕನ್ನಡ ನಮಗೇ ಓದಲು ಬಾರದಂತೆ ಶೆಲ್ಲರೆಯಲ್ಲಿ ಬಿದ್ದಿದೆಯಲ್ಲ, ಅದಕ್ಕೆ ಯಾರನ್ನು ಬೈಯೋಣ? ನಮ್ಮ ಕೂಟದ ಹಳೆಯ ನಾಟಕದ ಪ್ರತಿಗಳು, ಹಾಡಿನ ಹಾಳೆಗಳು ಯಾರ ಯಾರ ಡಿಸ್ಕಿನಲ್ಲಿವೆಯೋ! "ಪಿಡಿಎಫ್ ಮಾಡಿಟ್ಟರೆ ಸಾಕು" ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಕಣ್ಣಿಗೇನೋ ಕನ್ನಡವೇ ಕಾಣುತ್ತದೆ, ಒಳಗಿರುವುದು ಮತ್ತದೇ ಪೌಂಡ್ ಚಿಹ್ನೆ. ಅಮ್ಮನ ಹೆಸರು ಕೊಟ್ಟು ಹುಡುಕಿದರೆ ಸಿಗದು, ಗಾಡಿಯನ್ನು ಲಾರಿ ಮಾಡುವುದೂ ಕಷ್ಟ. ಯೂನಿಕೋಡೇ ಆಗಬೇಕು, ಮೂಲದ ಫೈಲನ್ನೂ ಜೊತೆಗಿಡಿ.

ಮುಂದಿನ ಕೂಟದ ದಿನ ಊಟವಾದ ಮೇಲೆ ಒಂದು ಗಂಟೆ ಇದಕ್ಕೇ ಇಡೋಣ ಎಂದು ಸಮಿತಿಯವರಲ್ಲಿ ನನ್ನ ವಿನಂತಿ. ಡಿಸ್ಕು, ಸಿ.ಡಿ., ಫ್ಲಾಪಿ ಏನಿದ್ದರೂ ತನ್ನಿ. ಪವರ್ ಪ್ಲಗ್ ಇರುವ ಅಡಾಪ್ಟರ್ ನಾನು ತರುತ್ತೇನೆ. ಅದಕ್ಕೂ ಮೊದಲು ಮನೆಗೇ ಒಯ್ಯುವವರಿದ್ದರೆ ಕೊಡುತ್ತೇನೆ, ಪಿನ್ ಮಾತ್ರ ನೋಡಿಕೊಂಡು ಸಿಕ್ಕಿಸಿ.